ಹೊಳೆಯ ತಿರುವು



ವೇದಾ, ಅವತಿ ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಳೆ ನೆಟ್ಟಗೆ ಹರಿಯದು, ಹಾವಿನ ಹಾಗೆ ಹೊರಳುತ್ತದೆ. ತಿರುವಿನ ಹೊರದಡದವನ ತೆಂಗು ಬುಡ ಕಳಚಿ ಬೀಳುತ್ತದೆ. ಎದುರುದಡದವನಿಗೆ ಮರಳುದಿಬ್ಬ ಬೆಳೆಯುತ್ತದೆ. ಹಣೆಬರಹ ಅಂತೀರಿ. ಅಲ್ಲ.

ಸೋಸಿ ಉಳಿದ ಚಹಾ ಚರಟವನ್ನು ಲೋಟದ ನೀರಿಗೆ ಹಾಕಿ, ಚಮಚದಿಂದ ತಿರುಗಿಸಿ ಬಿಡಿ. ಚರಟ ಅಂಚಿಗೆ ಹೋಗದೆ ತಳದ ನಡುವೆ ಗುಡ್ಡೆಯಾಗುತ್ತದೆ. ಐನ್‌ಸ್ಟೈನ್ 1926ರಲ್ಲಿ ಇದನ್ನೇ ಹೊಳೆಗೆ ಹೊಂದಿಸಿ ಹೇಳಿದರು. ತಿರುವಿನಲ್ಲಿ ಮೇಲಿನ ನೀರು ರಭಸವಾಗಿ ಹೊರದಡಕ್ಕೆ ನುಗ್ಗುತ್ತದೆ. ತಳದ ನಿಧಾನದ ನೀರು ಮರಳು ಹೊತ್ತು ಒಳದಡಕ್ಕೆ ಸರಿಯುತ್ತದೆ. ತರೀಕೆರೆ ಕಡೆಯ ಭದ್ರೆಗೂ ಇದೇ ನ್ಯಾಯ.

ಈಗ ಎಂಜಿನಿಯರರು ಹೊಳೆಯ ಪಾತ್ರ ಅಳೆದು, ಕಂಪ್ಯೂಟರಿನಲ್ಲಿ ಅದನ್ನು ಸಣ್ಣ ಸಣ್ಣ ಮಡಿಗಳಾಗಿ ಹಂಚಿ, ಒಂದೊಂದು ಮಡಿಯಲ್ಲೂ ನೀರಿನ ಆಳ, ವೇಗ ಲೆಕ್ಕ ಹಾಕುತ್ತಾರೆ. ಯಾವ ದಡ ಕುಸಿದೀತು ಎಂಬ ಅಂದಾಜು ಮುಂಚೆಯೇ ಸಿಗುತ್ತದೆ. ಆದರೆ ಅಳತೆ ತಪ್ಪಿದರೆ ಲೆಕ್ಕವೂ ತಪ್ಪು. ಅಳೆದು ಹೋದ ಮೇಲೆ ಲಾರಿಗಟ್ಟಲೆ ಮರಳು ತೆಗೆದಿರೋ, ಆ ಹೊಳೆಯೇ ಬೇರೆ!

ಅಳೆಯಲು ಬಂದವರಿಗೆ ನೆರೆನೀರು ಮುಟ್ಟಿದ ಮರದ ಗುರುತು ತೋರಿಸಿ. ಲೆಕ್ಕ ಸರಿನೋಡಲು ಅದು ಬೇಕು. ಹೊರದಡದಲ್ಲಿ ಲಾವಂಚ, ಬಿದಿರು ನೆಡಿ. ಬೇರು ಬುಡಕ್ಕೆ ಎಟುಕದಷ್ಟು ಎತ್ತರದ ದಡವಾದರೆ ಕೆಳಗೆ ಕಲ್ಲೂ ಕಟ್ಟಿಸಬೇಕು.