ಮುಂಬಯಿಯಿಂದ ಉಪ್ಪಳಕ್ಕೆ: ಒಂದು ದಾರಿ, ಒಂದು ನೋಟೀಸು

(ಸಂಘದ ಮಾಸಿಕ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ಮಾತನಾಡುವವರು ಸಾಮಾನ್ಯವಾಗಿ ಸಾಹಿತಿಗಳು, ಪ್ರಾಧ್ಯಾಪಕರು. ನಾನು ಆ ಎರಡು ವರ್ಗಕ್ಕೂ ಸೇರಿದವನಲ್ಲ. ಎಂ.ಎ. ಮಾಡಿದ್ದೇನೆ ಎಂಬುದು ನಿಜ; ಆ ಪದವಿಪತ್ರವನ್ನು ಕಪಾಟಿನಲ್ಲಿಟ್ಟು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಕಡತಗಳನ್ನು ಮೇಲಕ್ಕೂ ಕೆಳಕ್ಕೂ ಕಳುಹಿಸುತ್ತ ಬಂದವನು. "ಮೋಟಾರ್ ಸೈಕಲ್ಲಿನಲ್ಲಿ ಒಬ್ಬರೇ ಊರಿಗೆ ಹೋದಿರಂತೆ, ಅದನ್ನೇ ಹೇಳಿ" ಎಂದು ಕಾರ್ಯದರ್ಶಿಗಳು ಒತ್ತಾಯಿಸಿದರು. ಐವತ್ತಾರನೆಯ ವಯಸ್ಸಿನ ಆ ಸಾಹಸಕ್ಕೆ ನನ್ನ ಮನೆಯಾಕೆ ಬೇರೊಂದು ಹೆಸರಿಟ್ಟಿದ್ದಾಳೆ. ಅದನ್ನು ಸಭೆಯಲ್ಲಿ ಹೇಳುವಂತಿಲ್ಲ.

ನನ್ನ ಊರು ಕಾಸರಗೋಡು ಜಿಲ್ಲೆಯ ಉಪ್ಪಳದ ಸಮೀಪ. ಮನೆಮಾತು ತುಳು, ಓದಿದ್ದು ಕನ್ನಡ, ಸರಕಾರ ಕೇರಳದ್ದು. ತಾಯಿಯಿಂದ ಅಕ್ಕನಿಗೆ ಬಂದ ಮನೆ ಹೆದ್ದಾರಿಯ ಪಕ್ಕದಲ್ಲೇ ಇತ್ತು. 'ಇತ್ತು' ಎನ್ನುತ್ತೇನೆ, ಏಕೆಂದರೆ ಹೆದ್ದಾರಿಯನ್ನು ಆರು ಪಥಗಳಿಗೆ ವಿಸ್ತರಿಸುವಾಗ ಅಂಗಳ, ಬಾವಿ, ಜಗಲಿ ಮತ್ತು ಮುಂಭಾಗದ ಎರಡು ಕೋಣೆಗಳು ಹೋದವು. ಹಿಂಭಾಗ ಉಳಿಯಿತು. ಅಕ್ಕ ಅಲ್ಲಿಯೇ ಇದ್ದಾಳೆ.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣಪ್ರಮಾಣದಲ್ಲಿ ಆರಂಭವಾದ ಮೇಲೆ ನಮ್ಮ ಊರಿನ ಪ್ರಯಾಣವೆಂದರೆ ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಹತ್ತುವುದು, ಮಲಗುವುದು, ಮಂಗಳೂರಿನಲ್ಲಿ ಇಳಿಯುವುದು. ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರುಗಳ ಹೆಚ್ಚಿನ ಭಾಗವನ್ನು ನಾನು ದಾಟಿದ್ದು ನಿದ್ದೆಯಲ್ಲಿ, ಎಚ್ಚರವಿದ್ದಾಗ ಸುರಂಗದಲ್ಲಿ. ಮುಂಬಯಿಗೂ ಊರಿಗೂ ನಡುವೆ ಏನಿದೆ ಎಂದು ಯಾರಾದರೂ ಕೇಳಿದ್ದರೆ "ಒಂದು ರಾತ್ರಿ" ಎನ್ನುತ್ತಿದ್ದೆನೋ ಏನೋ. ಮನೆಯ ಜಗಲಿಯನ್ನು ನುಂಗಿದ ರಸ್ತೆ ಯಾವುದು, ಅದು ಎಲ್ಲಿಂದ ಹೊರಟು ಬರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಹಠ ಹುಟ್ಟಿದ್ದು ಹಾಗೆ. 2010ರವರೆಗೆ ರಾಷ್ಟ್ರೀಯ ಹೆದ್ದಾರಿ 17 ಎನ್ನಿಸಿಕೊಂಡಿದ್ದ ಇದು ಈಗ 66. ಪನವೇಲಿನಲ್ಲಿ ಹುಟ್ಟಿ ಕನ್ಯಾಕುಮಾರಿಯವರೆಗೆ ಹೋಗುತ್ತದೆ.

2024ರ ಡಿಸೆಂಬರಿನ ಒಂದು ಬೆಳಗಿನ ಜಾವ, ನಾಲ್ಕು ಗಂಟೆಗೆ, ಆಂಟಾಪ್ ಹಿಲ್‌ನ ಸರಕಾರಿ ವಸತಿಗೃಹದಿಂದ ಹೊರಟೆ. ವಾಹನ ಹನ್ನೊಂದು ವರ್ಷ ಹಳೆಯ ಬುಲೆಟ್. ನಮ್ಮ ಮನೆಗೆ ಹತ್ತಿರದ ಶಿವಡಿಯಿಂದ, ಅದೇ ವರ್ಷದ ಜನವರಿಯಲ್ಲಿ ಉದ್ಘಾಟನೆಗೊಂಡ ಅಟಲ್ ಸೇತು ಸಮುದ್ರವನ್ನು ದಾಟುತ್ತದೆ. ಇಪ್ಪತ್ತೊಂದೂಮುಕ್ಕಾಲು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದ. ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನನ್ನಂಥವನಿಗೆ ಹಳೆಯ ದಾರಿಯೇ ಗತಿ: ಶೀವ್, ಚೆಂಬೂರು, ಮಾನಖುರ್ದ್, ವಾಶಿಯ ಸೇತುವೆ. ಚೆಂಬೂರಿನಲ್ಲಿ ಹಾಲಿನ ಕ್ರೇಟುಗಳು ಇಳಿಯುತ್ತಿದ್ದವು. ಪನವೇಲ್ ದಾಟುವಾಗ ಬೆಳಕು ಹರಿದಿರಲಿಲ್ಲ.

ಕರಾವಳಿಯ ಹೆದ್ದಾರಿ ಎಂದು ಹೆಸರು. ಮಹಾರಾಷ್ಟ್ರದಲ್ಲಿ ಕಡಲು ಕಾಣಿಸುವುದೇ ಇಲ್ಲ. ಗುಡ್ಡ, ನದಿ, ಮತ್ತೆ ಗುಡ್ಡ. 2011ರಲ್ಲಿ ಆರಂಭವಾದ ಅಗಲೀಕರಣ ಆಗಲೂ ಮುಗಿದಿರಲಿಲ್ಲ. ಮಾಣಗಾಂವ್ ಪೇಟೆಯಲ್ಲಿ ಮುಕ್ಕಾಲು ಗಂಟೆ ಲಾರಿಯೊಂದರ ಹೊಗೆ ಕುಡಿಯುತ್ತ ನಿಂತಿದ್ದೆ. ಮಹಾಡದ ಬಳಿ ಸಾವಿತ್ರಿ ನದಿಯ ಹೊಸ ಸೇತುವೆಯ ಮೇಲೆ ಗಾಡಿ ನಿಧಾನಿಸಿದೆ. 2016ರ ಆಗಸ್ಟ್ 2ರ ರಾತ್ರಿ ಇಲ್ಲಿಯ ಬ್ರಿಟಿಷರ ಕಾಲದ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋದಾಗ ರಾಜ್ಯ ಸಾರಿಗೆಯ ಎರಡು ಬಸ್ಸುಗಳು ಕತ್ತಲೆಯಲ್ಲಿ ನೇರವಾಗಿ ನದಿಗೆ ಹೋದವು.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಬೀಗ ಹಾಕಿದ ಮನೆಗಳು. ಖೇಡ, ಚಿಪಳೂಣ, ಸಂಗಮೇಶ್ವರದ ಆಸುಪಾಸಿನಲ್ಲಿ ಒಪ್ಪವಾಗಿ ಸಾರಿಸಿದ ಅಂಗಳ, ತುಳಸೀಕಟ್ಟೆ, ಬಾಗಿಲಿಗೆ ಬೀಗ. ಮನೆಯವರು ಮುಂಬಯಿಯಲ್ಲಿ. ಕೊಂಕಣದವರು ಅವರನ್ನು 'ಚಾಕರಮಾನಿ' ಎನ್ನುತ್ತಾರೆ, ಚಾಕರಿಗಾಗಿ ಊರು ಬಿಟ್ಟವರು. ಗಣೇಶ ಚೌತಿಗೆ ಬರುತ್ತಾರೆ, ಬೀಗ ತೆಗೆಯುತ್ತಾರೆ, ಹೋಗುತ್ತಾರೆ. ಕುಡಾಳದಲ್ಲಿ ರಾತ್ರಿ ತಂಗಿದ ವಸತಿಗೃಹದ ಮುದುಕರು ನಾನು ಎಲ್ಲಿಯವನೆಂದು ಕೇಳಿದರು. ಹೇಳಿದೆ. "ಹಾಗಾದರೆ ನೀವೂ ಚಾಕರಮಾನಿ" ಎಂದರು. ಮೂವತ್ತು ವರ್ಷಗಳಿಂದ ನಾನು ನನ್ನನ್ನು 'ಹೊರನಾಡ ಕನ್ನಡಿಗ' ಎಂದು ಕರೆದುಕೊಳ್ಳುತ್ತ ಬಂದಿದ್ದೆ. ಮುದುಕರ ಮಾತು ಹೆಚ್ಚು ನೇರವಾಗಿತ್ತು.

ಗೋವೆಯನ್ನು ಬೇಗ ದಾಟಿದೆ. ಮಾಜಾಳಿಯಲ್ಲಿ ಕನ್ನಡದ ಮೊದಲ ಫಲಕ ಕಂಡಾಗ ಕಣ್ಣು ಮಂಜಾಯಿತೆಂದು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ನಿಜ ಹೇಳಬೇಕೆಂದರೆ ಹೆಲ್ಮೆಟ್ಟಿನ ಗಾಜು ಮಂಜಾಗಿತ್ತು. ಕಾರವಾರದ ಕಾಳೀ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಿತ್ತು. ಎಲ್ಲ ವಾಹನಗಳೂ ಹೊಸ ಸೇತುವೆಯ ಮೇಲೆಯೇ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗಾಡಿ ನಿಲ್ಲಿಸಿ ಇಳಿದೆ. ಹೆದ್ದಾರಿಗಾಗಿ ಕಡಿದ ಗುಡ್ಡ ಅದೇ ವರ್ಷ ಜುಲೈ 16ರಂದು ಕುಸಿದು, ರಸ್ತೆಬದಿಯ ಚಹದಂಗಡಿಯ ಸಂಸಾರವನ್ನೂ ನಿಂತಿದ್ದ ಲಾರಿಗಳನ್ನೂ ಗಂಗಾವಳಿಗೆ ತಳ್ಳಿದ ಜಾಗ ಅದು. ಕೋಳಿಕ್ಕೋಡಿನ ಲಾರಿ ಚಾಲಕನೊಬ್ಬನ ದೇಹ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಗುಡ್ಡದ ಗಾಯ ಇನ್ನೂ ಕೆಂಪಾಗಿತ್ತು.

ಅಲ್ಲಿಂದ ಮುಂದೆ ಗೋಕರ್ಣದ ಸನಿಹದಲ್ಲಿ ಹನೇಹಳ್ಳಿ. ಯಶವಂತ ಚಿತ್ತಾಲರ ಊರು ಎಂದು ಈ ಸಭೆಗೆ ಹೇಳಬೇಕಾಗಿಲ್ಲ. ಬಾಂದ್ರಾದ ಕಡಲತೀರದ ಮನೆಯಲ್ಲಿ ಕುಳಿತು ಅವರು ಬದುಕಿನುದ್ದಕ್ಕೂ ಹನೇಹಳ್ಳಿಯನ್ನು ಬರೆದರು. ದಾರಿ ತಪ್ಪಿಸಿಕೊಂಡು ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಓದಿದ ಊರನ್ನು ಕಂಡು ಕೆಡಿಸಿಕೊಳ್ಳಬಾರದೆಂಬ ಹಿಂಜರಿಕೆ ಅದೆಂದು ಆಗ ಅಂದುಕೊಂಡೆ. ನನ್ನ ಊರು ಏನಾಗಿದೆ ಎಂಬ ಭಯವೇ ಅದಾಗಿತ್ತೆಂದು ಈಗ ಅನ್ನಿಸುತ್ತದೆ. ಆ ರಾತ್ರಿ ಕುಂದಾಪುರದಲ್ಲಿ ತಂಗಿದೆ.

ಮೂರನೆಯ ದಿನ ಮಧ್ಯಾಹ್ನಕ್ಕೆ ಮೊದಲೇ ತಲಪಾಡಿ. 1956ರ ನವೆಂಬರ್ 1ರಂದು ಎಳೆದ ಗೆರೆ ಇಲ್ಲಿ ರಸ್ತೆಯನ್ನು ಅಡ್ಡ ದಾಟುತ್ತದೆ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಗೆರೆ ಅಲುಗಲಿಲ್ಲ. ಆ ವರದಿಯನ್ನು ನಾವು ಪ್ರತಿ ನವೆಂಬರಿನಲ್ಲಿ ನೆನೆಯುತ್ತೇವೆ. 2020ರ ಮಾರ್ಚಿನಲ್ಲಿ ಇದೇ ಗಡಿಯ ರಸ್ತೆಗಳಿಗೆ ಕರ್ನಾಟಕದ ಕಡೆಯಿಂದಲೇ ಮಣ್ಣು ಸುರಿದು ಮುಚ್ಚಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ಸಿಕ್ಕಿಬಿದ್ದರು. ಅದನ್ನು ನಾವು ಯಾವ ನವೆಂಬರಿನಲ್ಲಿಯೂ ನೆನೆದಿಲ್ಲ.

ತಲಪಾಡಿಯಿಂದ ಮುಂದೆ ರಸ್ತೆ ಅತ್ಯುತ್ತಮವಾಗಿದೆ. ಎಷ್ಟು ಉತ್ತಮವೆಂದರೆ, ನಮ್ಮ ಮನೆಯನ್ನು ನಾನು ದಾಟಿಹೋದೆ. ಹಲಸಿನ ಮರ ಗುರುತಾಗಿತ್ತು, ಮರ ಇರಲಿಲ್ಲ. ಮುಂದೆ ಹೋಗಿ, ಕೆಳದಾರಿಯಲ್ಲಿ ನುಸುಳಿ, ಪಕ್ಕದ ರಸ್ತೆಯಲ್ಲಿ ಹಿಂದಿರುಗಿದೆ. ಅಕ್ಕ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಈಗ ಅದೇ ಮುಂಬಾಗಿಲು.

"ಗಾಡಿ ಶಬ್ದ ಕೇಳಿತು, ನೀನೇ ಅಂತ ಗೊತ್ತಾಯಿತು. ಮುಂದೆ ಹೋದೆಯಲ್ಲ, ಮನೆ ಮರೆತೆಯಾ?" ಎಂದು ತುಳುವಿನಲ್ಲಿ ಕೇಳಿದಳು.

ಊಟವಾದ ಮೇಲೆ ಅವಳು ಒಂದು ಪ್ಲಾಸ್ಟಿಕ್ ಚೀಲ ತಂದಿಟ್ಟಳು. ಭಾವನ ಮರಣಪತ್ರ, ಭೂಕಂದಾಯದ ರಶೀದಿಗಳು, ಅವುಗಳ ನಡುವೆ 2019ರ ಒಂದು ಪತ್ರಿಕಾ ಪ್ರಕಟಣೆಯ ತುಣುಕು ಮತ್ತು ಅನಂತರ ಬಂದ ಕಾಗದಗಳು. ಎಲ್ಲವೂ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಅಕ್ಕ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು, ಇಂದಿಗೂ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವಳು. ಮೊಮ್ಮಗಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಾಳೆ. 2017ರ ಕಾಯಿದೆಯಂತೆ ಅದು ಕಡ್ಡಾಯ. ಅವಳು ಅಕ್ಷರ ಕೂಡಿಸಿ ಓದಿ ಹೇಳಿದ್ದಳಂತೆ. ಆದರೆ ಕಂದಾಯ ಇಲಾಖೆಯ ಮಲಯಾಳ ಮಕ್ಕಳ ಪಠ್ಯದ ಮಲಯಾಳವಲ್ಲ. ಕೊನೆಗೆ ಅದರ ಚಿತ್ರ ತೆಗೆದು ಮುಂಬಯಿಗೆ, ನನ್ನ ಫೋನಿಗೆ ಕಳುಹಿಸಿದ್ದರು. ನಾನು ಅದನ್ನು ಆಂಟಾಪ್ ಹಿಲ್‌ನಲ್ಲಿ ಕೆಳಗಿನ ಮನೆಯ ಮಲಯಾಳಿ ಮಿತ್ರರಿಗೆ ತೋರಿಸಿದೆ. ಅವರು ಚಹ ಆರುವ ಮೊದಲೇ ಎಲ್ಲವನ್ನೂ ಓದಿ ವಿವರಿಸಿದರು. ಪ್ರಕಟಣೆಯ ದಿನಾಂಕ ನೋಡಿ, "ಇಪ್ಪತ್ತೊಂದು ದಿನ ಕಳೆದಿದೆಯಲ್ಲ" ಎಂದರು.

ಇಲ್ಲಿ ಸ್ವಲ್ಪ ಕಾಯಿದೆಯ ಮಾತು ಹೇಳಲು ಅಪ್ಪಣೆ ಬೇಡುತ್ತೇನೆ; ಅದೊಂದೇ ನನಗೆ ಗೊತ್ತಿರುವ ವಿದ್ಯೆ. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ 1956ರದ್ದು, ನಮ್ಮ ಗೆರೆ ಎಳೆದ ವರ್ಷದ್ದೇ. ಭೂಸ್ವಾಧೀನದ ಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು ಎಂದು ಅದು ಹೇಳುತ್ತದೆ. ಅಧಿಸೂಚನೆ ಪ್ರಕಟವಾದ ಇಪ್ಪತ್ತೊಂದು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಮಲಯಾಳ ದೇಶಭಾಷೆಯೇ ಹೌದು. ಕಾಯಿದೆಯ ಅಕ್ಷರ ಪಾಲನೆಯಾಗಿದೆ, ಯಾರೂ ತಪ್ಪು ಮಾಡಿಲ್ಲ. ಆದರೆ ಒಂದು ಮನೆಯ ಅಂಗಳದಲ್ಲಿ ದೇಶಭಾಷೆ ಯಾವುದು ಎಂಬ ಪ್ರಶ್ನೆ ಆ ವಾಕ್ಯದೊಳಗೆ ಇಲ್ಲ. ಆಕ್ಷೇಪಣೆ ಸಲ್ಲಿಸಿದ್ದರೂ ರಸ್ತೆ ನಮ್ಮ ಮನೆಗಾಗಿ ಬಾಗುತ್ತಿರಲಿಲ್ಲ, ಅದೂ ನನಗೆ ಗೊತ್ತು. ಪರಿಹಾರದ ಮೊತ್ತ ಕಡಿಮೆಯಾಯಿತೆಂಬ ದೂರು ಕೂಡ ಅಕ್ಕನಿಗಿಲ್ಲ. ಒಳ್ಳೆಯ ಮೊತ್ತವೇ ಬಂದಿದೆ. ಅವಳ ಮಾತು ಇಷ್ಟೇ:

"ಬಾವಿ ಹೋಗುತ್ತದೆ ಅಂತ ನನಗೆ ಗೊತ್ತಾದದ್ದು ಯಂತ್ರ ಬಂದು ನಿಂತ ದಿನ. ಮೊದಲೇ ಗೊತ್ತಿದ್ದರೆ ಒಂದು ಕೊಡ ನೀರಾದರೂ ಸೇದಿ, ಕೈ ಮುಗಿದು ಬಿಡುತ್ತಿದ್ದೆ. ನೀನು ಇಂಥ ಕಾಗದ ಬರೆಯುವ ಕಚೇರಿಯಲ್ಲೇ ಇರುವವನಲ್ಲವಾ?"

ನಾನು ಉತ್ತರ ಕೊಡಲಿಲ್ಲ. ಆ ರಾತ್ರಿ ರಸ್ತೆಯ ಗೋಡೆಯ ಮೇಲಿಂದ ಬರುವ ಲಾರಿಗಳ ಬೆಳಕು ಕೋಣೆಯ ಗೋಡೆಯಲ್ಲಿ ಓಡುತ್ತಿರುವುದನ್ನು ನೋಡುತ್ತ ಮಲಗಿದ್ದಾಗ, ಗೋವಂಡಿಯ ಒಬ್ಬ ಮನುಷ್ಯ ನೆನಪಾದ. ಕಲಬುರಗಿ ಕಡೆಯ ಕಟ್ಟಡ ಕಾರ್ಮಿಕ. ಎಷ್ಟೋ ವರ್ಷಗಳ ಹಿಂದೆ ನಮ್ಮ ಕಚೇರಿಯ ನೋಟೀಸೊಂದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ನಾನು ಕನ್ನಡದವನೆಂದು ಜವಾನ ಹೇಳಿದ್ದನಂತೆ. "ಇದರಾಗ ಏನ್ ಬರ್ದಾರ್ರಿ ಸಾಹೇಬ್ರ?" ಎಂದು ಕೇಳಿದ. ನೋಟೀಸು ನಿಯಮಾನುಸಾರ ಹಿಂದಿ ಮತ್ತು ಇಂಗ್ಲಿಷಿನಲ್ಲಿತ್ತು. 1976ರ ರಾಜಭಾಷಾ ನಿಯಮಗಳ ಪ್ರಕಾರ ಮಹಾರಾಷ್ಟ್ರ 'ಖ' ವಲಯ, ಅಷ್ಟು ಸಾಕು. ಕೆಳಗಿನ ಸಹಿ ನನ್ನದೇ. ದಿನಾಂಕ ನೋಡಿ, "ಅವಧಿ ಮುಗಿದಿದೆ" ಎಂದೆ. ಕನ್ನಡದಲ್ಲಿಯೇ ಹೇಳಿದೆ. ಅವನು ಕೈ ಮುಗಿದು ಹೋದ. ಆ ದಿನ ಕಚೇರಿಯಲ್ಲಿ ಕನ್ನಡ ಮಾತನಾಡುವ ಅವಕಾಶ ಸಿಕ್ಕಿತೆಂದು ಮನೆಯಲ್ಲಿ ಸಂತೋಷದಿಂದ ಹೇಳಿಕೊಂಡಿದ್ದೆ ಎಂಬುದೂ ನೆನಪಿದೆ.

ಮರುದಿನ ಅಕ್ಕನೂ ನಾನೂ ಕುಳಿತು ಒಂದು ಅರ್ಜಿ ಬರೆದೆವು, ಕನ್ನಡದಲ್ಲಿ. ಸಂವಿಧಾನದ 350ನೆಯ ಅನುಚ್ಛೇದವು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ. ನಾವು ಕೇಳಿದ್ದು ಎರಡೇ ಸಂಗತಿ: ರಸ್ತೆಯ ಗೋಡೆಯ ಬುಡದಲ್ಲಿ ಮಳೆನೀರು ಹರಿದುಹೋಗಲು ದಾರಿ, ಮತ್ತು ಇನ್ನು ಮುಂದೆ ಬರುವ ಕಾಗದಗಳ ಕನ್ನಡ ಪ್ರತಿ. ಕರಡನ್ನು ನಾನು ಕಚೇರಿಯ ಧಾಟಿಯಲ್ಲಿ ಬರೆದಿದ್ದೆ. ಅಕ್ಕ ಓದಿ, "ಇದು ನನಗೆ ಅರ್ಥವಾಗುವುದಿಲ್ಲ, ಅವರಿಗೆ ಹೇಗೆ ಅರ್ಥವಾದೀತು?" ಎಂದು ಅರ್ಧಕ್ಕರ್ಧ ಹೊಡೆದುಹಾಕಿದಳು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು. ತಲಪಿದ ಬಗ್ಗೆ ಸ್ವೀಕೃತಿ ಚೀಟಿ ಬಂದಿದೆ. ಉತ್ತರ ಬಂದಿಲ್ಲ.

ನನ್ನ ತಂದೆ ಕೋಟೆ ಭಾಗದ ಉಡುಪಿ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕುಳಿತವರು. ರಾತ್ರಿಶಾಲೆಯಲ್ಲಿ ಓದಿದ್ದರು. ಭಾನುವಾರ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಒಂದು ಮೇಜಿನ ಮುಂದೆ ಕುಳಿತು ಹೋಟೆಲಿನ ಹುಡುಗರ ಮನಿಯಾರ್ಡರ್ ಫಾರಂ ತುಂಬುತ್ತಿದ್ದರು, ಊರಿನಿಂದ ಬಂದ ಕಾಗದ ಓದಿ ಹೇಳುತ್ತಿದ್ದರು. ಫಾರಮ್ಮಿನ ಕೆಳಗಿನ ತುಂಡಿನಲ್ಲಿ ಕನ್ನಡದಲ್ಲಿ ಬರೆದ ಎರಡು ಸಾಲು ಉಪ್ಪಳದ ಅಂಚೆಯವನ ಕೈಯಲ್ಲಿ ಅಕ್ಕನನ್ನು ತಲಪುತ್ತಿತ್ತು. ಹಣಕ್ಕಿಂತ ಮೊದಲು ಅವಳು ಆ ತುಂಡನ್ನೇ ಇಸಿದುಕೊಳ್ಳುತ್ತಿದ್ದಳು.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ಈ ಸಭಾಗೃಹ ಭಾನುವಾರ ಬೆಳಗ್ಗೆ ಖಾಲಿ ಇರುತ್ತದೆ. ಒಂದು ಮೇಜು, ಎರಡು ಕುರ್ಚಿ ಬಿಟ್ಟುಕೊಡಿ. ಗೋವಂಡಿ, ಧಾರಾವಿ, ಮಾನಖುರ್ದಿನಿಂದ ಕನ್ನಡ ಕಾರ್ಮಿಕರು ತಮಗೆ ಬಂದ ಕಾಗದ ತರಲಿ. ಕಾಸರಗೋಡಿನ ಬಂಧುಗಳು ಚಿತ್ರ ತೆಗೆದು ಕಳುಹಿಸಲಿ. ಮಲಯಾಳ ಓದಲು ನನ್ನ ಕೆಳಗಿನ ಮನೆಯ ಮಿತ್ರರು ಒಪ್ಪಿದ್ದಾರೆ, ಚಹ ನಮ್ಮದಾದರೆ ಸಾಕಂತೆ. ಮರಾಠಿಗೆ ನಮ್ಮಲ್ಲಿ ಜನರ ಕೊರತೆಯಿಲ್ಲ. ಹಿಂದಿ, ಇಂಗ್ಲಿಷು ನಾನು ನೋಡಿಕೊಳ್ಳುತ್ತೇನೆ. ಬರುವ ತಿಂಗಳ ಮೊದಲ ಭಾನುವಾರ ಹತ್ತು ಗಂಟೆಗೆ ನಾನು ಬಂದು ಕೂರುತ್ತೇನೆ. ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಕಾರ್ಯದರ್ಶಿಗಳು ದಯವಿಟ್ಟು ಇಂದೇ ತಿಳಿಸಬೇಕು.