ಸೆವೆನ್ ಕೊಡ್ಲಾ, ಎಯ್ಟ್ ಕೊಡ್ಲಾ? – ಒಬ್ಬ ಕ್ಯಾಡಿಯ ಮಾತು

ಇವತ್ತಿನ ವಿಷಯ ಗಾಲ್ಫ್. ‘ಅಯ್ಯೋ, ಅದು ದುಡ್ಡಿರೋರ ಆಟ’ ಅಂತ ಸ್ಕಿಪ್ ಮಾಡಬೇಡಿ. ನಾನೂ ದುಡ್ಡಿದ್ದವನಲ್ಲ. ಬೆಂಗಳೂರಿನ ಒಂದು ಕೋರ್ಸ್‌ನಲ್ಲಿ ಆರು ವರ್ಷ ಕ್ಯಾಡಿಯಾಗಿದ್ದೆ. ಬೇರೆಯವರ ಬ್ಯಾಗ್ ಹೊರೋದು, ಚೆಂಡು ಎಲ್ಲಿ ಬಿತ್ತು ಅಂತ ಹುಡುಕೋದು, ಪ್ರತಿ ಹೊಡೆತಕ್ಕೂ ಮುಂಚೆ ‘ಯಾವ ಕ್ಲಬ್ ಕೊಡ್ಲಿ ಸರ್?’ ಅಂತ ಕೇಳೋದು. ಉತ್ತರ ನನಗೆ ಮೊದಲೇ ಗೊತ್ತಿರುತ್ತಿತ್ತು, ಆ ಮಾತು ಬೇರೆ.

ಕ್ಲಬ್ ಅಂದ್ರೆ ಹೊಡೆಯುವ ಕೋಲು. ಬ್ಯಾಗ್‌ನಲ್ಲಿ 14ಕ್ಕಿಂತ ಹೆಚ್ಚು ಇರುವಂತಿಲ್ಲ. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ, ಮುಂಚೂಣಿಯಲ್ಲಿದ್ದ ವೇಲ್ಸ್‌ನ ಇಯಾನ್ ವೂಸ್ನಮ್ ಬ್ಯಾಗ್‌ನಲ್ಲಿ 15 ಇದ್ದವು. ಒಂದು ಡ್ರೈವರ್ ಜಾಸ್ತಿ. ಎರಡು ಸ್ಟ್ರೋಕ್ ದಂಡ ಬಿತ್ತು. ಎಣಿಸಬೇಕಾಗಿದ್ದವನು ಕ್ಯಾಡಿ. ಈ ಕಥೆ ಕೇಳಿದ ಮೇಲೆ ನಾನು ದಿನಾ ಬೆಳಿಗ್ಗೆ ಎರಡೆರಡು ಸಲ ಎಣಿಸ್ತಿದ್ದೆ.

ಡ್ರೈವರ್‌ನ ಮುಖ ಹೆಚ್ಚುಕಮ್ಮಿ ನೆಟ್ಟಗೆ, ಹತ್ತು ಡಿಗ್ರಿ ಆಸುಪಾಸು ಓರೆ. ಚೆಂಡು ದೂರ ಹೋಗುತ್ತೆ. ಸ್ಯಾಂಡ್ ವೆಡ್ಜ್‌ನ ಓರೆ 56ರ ಹತ್ತಿರ. ಚೆಂಡು ಎತ್ತರಕ್ಕೆ ಎದ್ದು, ಹತ್ತಿರದಲ್ಲೇ ಬಿದ್ದು ನಿಲ್ಲುತ್ತೆ. ನಡುವೆ ಐರನ್‌ಗಳು. ನಂಬರ್ ಒಂದು ಹೆಚ್ಚಾದರೆ ಹತ್ತು–ಹದಿನೈದು ಗಜ ಕಡಿಮೆ. ಇಷ್ಟು ಯೂಟ್ಯೂಬ್‌ನಲ್ಲೂ ಸಿಗುತ್ತೆ.

ಆದರೆ ಬೋರ್ಡಿನ ಮೇಲೆ 150 ಗಜ ಅಂತ ಬರೆದಿದ್ದರೆ ಅದು ಎಲ್ಲಾ ದಿನವೂ 150 ಅಲ್ಲ. ಎದುರುಗಾಳಿ ಇದ್ದರೆ ಒಂದು ಕ್ಲಬ್ ದೊಡ್ಡದು ಬೇಕು. ಗ್ರೀನ್ ಎತ್ತರದಲ್ಲಿದ್ದರೂ ಅಷ್ಟೇ. ಚೆಂಡು ಉದ್ದ ಹುಲ್ಲಿನಲ್ಲಿ ಹೂತಿದ್ದರೆ ದೂರದ ಲೆಕ್ಕವನ್ನೇ ಬಿಡಿ, ವೆಡ್ಜ್ ತಗೊಂಡು ಮೊದಲು ಆಚೆ ಬನ್ನಿ. ಇನ್ನೊಂದು ಮಜಾ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಚೆಂಡು ಸ್ವಲ್ಪ ಜಾಸ್ತಿ ಹಾರುತ್ತೆ. ಇಲ್ಲಿನ ಲೆಕ್ಕ ಹಿಡ್ಕೊಂಡು ಚೆನ್ನೈಗೆ ಹೋದವರು ‘ಇವತ್ತು ಯಾಕೋ ಕೈಗೆ ಶಕ್ತಿನೇ ಇಲ್ಲ’ ಅಂತ ಗೊಣಗೋದನ್ನ ಕೇಳಿದ್ದೀನಿ.

ಗಾಳಿ, ಹುಲ್ಲು ಇವನ್ನೆಲ್ಲಾ ಓದಬಹುದು. ಮನುಷ್ಯರೇ ಕಷ್ಟ. ‘ಅವತ್ತು ಎಯ್ಟ್‌ನಲ್ಲಿ 160 ಹೊಡೆದಿದ್ದೆ ಕಣಯ್ಯಾ’ ಅಂತಾರೆ. ಹೊಡೆದಿದ್ದು ನಿಜ, ಬ್ಯಾಗ್ ಹೊತ್ತಿದ್ದವನು ನಾನೇ. ಆದರೆ ಮಿಕ್ಕ ಒಂಬತ್ತು ಸಲ 140 ದಾಟಿಲ್ಲ ಅನ್ನೋದನ್ನೂ ನಾನೇ ನೋಡಿದ್ದು. ಹಾಗಂತ ಹೇಳೋಕಾಗುತ್ತಾ? ಗಾಳಿ ಇಲ್ಲದಿದ್ದರೂ ‘ಮೇಲ್ಗಡೆ ಗಾಳಿ ಇದೆ ಸರ್’ ಅಂದು ಸೆವೆನ್ ಕೊಡ್ತಿದ್ದೆ. ಚೆಂಡು ಗ್ರೀನ್ ಮೇಲೆ ಬಿದ್ದರೆ ಅವರಿಗೆ ಖುಷಿ, ನನಗೆ ಟಿಪ್ಸ್.

ಇಷ್ಟೆಲ್ಲಾ ಗೊತ್ತಿದ್ದ ನಾನು ಏನ್ ಮಾಡಿದೆ, ಕೇಳಿ. ಸೋಮವಾರ ಮೆಂಬರ್‌ಗಳಿಗೆ ರಜೆ, ಅವತ್ತು ಕೋರ್ಸ್ ನಮ್ಮದು. ವರ್ಷಕ್ಕೊಂದು ಸಲ ಕ್ಯಾಡಿಗಳ ಟೂರ್ನಿ ನಡೀತಿತ್ತು. ಆ ವರ್ಷ ಬಹುಮಾನ ಒಂದು ಪೂರ್ತಿ ಸೆಟ್. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರು ಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಿದ್ದರು. ನಮ್ಮ ಶೆಡ್‌ನಲ್ಲಿ ಎಲ್ಲರಿಗೂ ಅದೇ ಕನಸು. ಸ್ವಂತ ಸೆಟ್ ಇದ್ದರೆ ನಾನೂ ಪ್ರೊ ಆಗೋಕೆ ಒಂದು ಕೈ ನೋಡಬಹುದು ಅಂದ್ಕೊಂಡಿದ್ದೆ.

ಕೊನೆಯ ಹೋಲ್, ಪಾರ್ 3. 152 ಗಜ, ಮುಂದೆ ಕೆರೆ. ನಾನು ಒಂದು ಸ್ಟ್ರೋಕ್ ಮುಂದಿದ್ದೆ. ಜೊತೆಗಿದ್ದವನು ನೈನ್ ಐರನ್ ತಗೊಂಡು ಸಲೀಸಾಗಿ ಗ್ರೀನ್‌ಗೆ ಹಾಕಿದ. ನನ್ನ ಕೈಗೆ ಆ ದೂರಕ್ಕೆ ಸೆವೆನ್ ಸರಿ. ನನ್ನಂಥವನಿಗೆ ನಾನೇ ಕ್ಯಾಡಿಯಾಗಿದ್ದರೆ ಕಣ್ಣುಮುಚ್ಚಿ ಸೆವೆನ್ ಕೊಡ್ತಿದ್ದೆ. ಆದರೆ ಅವನು ನೈನ್ ಹೊಡೆದಿದ್ದಾನೆ, ಹುಡುಗರೆಲ್ಲಾ ನೋಡ್ತಿದ್ದಾರೆ. ಎಯ್ಟ್ ಎಳೆದೆ. ಹೊಡೆತ ಚೆನ್ನಾಗೇ ಇತ್ತು. ಮೂರು ಗಜ ಸಾಲಲಿಲ್ಲ. ಅವನು 3, ನಾನು 5. ಸೆಟ್ ಅವನ ಮನೆಗೆ ಹೋಯ್ತು.

2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್ ಆಡಿದ್ದನ್ನು ನೀವೂ ನೋಡಿರಬಹುದು. ಬ್ಯಾಗ್ ಹೊತ್ತಿದ್ದು ಅವರ ಅಮ್ಮ. ಎದುರಾಳಿಗಳ ಡ್ರೈವ್ ಇವರದ್ದಕ್ಕಿಂತ ಎಷ್ಟೋ ಮುಂದೆ ಬೀಳ್ತಿತ್ತು. ಅವರು ಐರನ್ ತೆಗೆಯುವ ಕಡೆ ಅದಿತಿ ಹೈಬ್ರಿಡ್ ತೆಗೀತಿದ್ದರು. ಮುಖದಲ್ಲಿ ಒಂಚೂರೂ ಮುಜುಗರ ಇಲ್ಲ. ಪದಕ ಒಂದೇ ಸ್ಟ್ರೋಕ್‌ನಲ್ಲಿ ತಪ್ಪಿತು, ನಾಲ್ಕನೇ ಸ್ಥಾನ. ಟಿವಿ ಮುಂದೆ ಕೂತಿದ್ದ ನನಗೆ ಪದಕಕ್ಕಿಂತ ಆ ಹೈಬ್ರಿಡ್‌ಗಳೇ ಕಾಣ್ತಿದ್ದವು.

ಸೋತ ಮುಂದಿನ ಸೋಮವಾರ ಅದೇ ಕೆರೆ ಹತ್ತಿರ ಹೋಗಿದ್ದೆ, ಒಬ್ಬನೇ. ಸಾಲ ತಂದಿದ್ದ ಸೆವೆನ್ ಐರನ್ ಒಂದೇ ಕೈಯಲ್ಲಿ. ಹೊಡೆದೆ. ಗ್ರೀನ್ ನಡುವೆ ಬಿತ್ತು. ನೋಡೋಕೆ ಹುಲ್ಲು ಕತ್ತರಿಸೋ ಅಣ್ಣ ಬಿಟ್ಟರೆ ಯಾರೂ ಇರಲಿಲ್ಲ.

ಪಟ್ಟರ್ ಬಗ್ಗೆ ಹೇಳೋಕೆ ಇವತ್ತು ಟೈಮ್ ಸಾಲಲಿಲ್ಲ, ಮುಂದಿನ ವಾರ ಸಿಗೋಣ.