ಶತ್ರುವಿನ ಪುಸ್ತಕದಿಂದ ಬಂದ ಪದಕ



ಯುದ್ಧ ಮತ್ತು ಸ್ಮರಣೆಯ ಬಗೆಗಿನ ಸಂಕಿರಣದಲ್ಲಿ ಆಶಯದ ಮಾತಾಡುವವನಿಗೆ ಶೌರ್ಯವನ್ನು ಹೊಗಳಿ ಕೂತುಬಿಡುವುದು ಸುಲಭ. ಹೊಗಳುವುದಕ್ಕೆ ಗಣರಾಜ್ಯೋತ್ಸವ ಇದೆ. ನಾನು ಕೇಳಬೇಕೆಂದಿರುವುದು ಸ್ವಲ್ಪ ಒಣ ಪ್ರಶ್ನೆ. ಸತ್ತ ಸೈನಿಕನ ಸಾಹಸ ಸರ್ಕಾರದ ಕಡತಕ್ಕೆ ಬರುವುದು ಹೇಗೆ? ಅದನ್ನು ನೋಡಿದವರು ಯಾರು, ಬರೆದವರು ಯಾರು?

ಸತ್ತವನನ್ನು ಪ್ರಭುತ್ವ ಗೌರವಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲನ್ನು ನೋಡಿ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನೆಂಬ ವೀರ ಮಡಿದ ಸುದ್ದಿ ಕೇಳಿ ಗಂಗರ ದೊರೆ ಎರೆಯಪ್ಪ ಅವನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೇಗೂರು ಸೀಮೆಯ ಹನ್ನೆರಡು ಹಳ್ಳಿಗಳನ್ನು ಕೊಟ್ಟ. ಅದಕ್ಕೆ ಹೋಲಿಸಿದರೆ, ಬ್ರಿಟನ್ನಿನ ವಿಕ್ಟೋರಿಯಾ ಕ್ರಾಸ್ 1856ರಲ್ಲಿ ಸ್ಥಾಪನೆಯಾದರೂ ಸತ್ತವರಿಗೆ ಅದನ್ನು ಕೊಡುವ ಪದ್ಧತಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ನಾಗತ್ತರನ ಜೊತೆಗೆ ಅಲ್ಲಿ ಸೈನ್ಯವಿತ್ತು, ನೋಡಿದವರಿದ್ದರು. ಒಬ್ಬನೇ ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುವವರು ಯಾರು ಎಂಬ ಪ್ರಶ್ನೆ ಆಗಲೂ ಇದ್ದಿರಬೇಕು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹೋದದ್ದು ಹಾಗೆ ಒಬ್ಬರೇ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟಿಯರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ ದಿನದ ಮುಖ್ಯ ತಂಡದಲ್ಲಿರಲಿಲ್ಲ, ಅವರದು ಕಾಯ್ದಿರಿಸಿದ ವಿಮಾನ. ಒಂದು ವಿಮಾನ ಕೈಕೊಟ್ಟಾಗ ಆ ಜಾಗಕ್ಕೆ ಇವರು ಹೋದರು. ಸರ್ಗೋಧಾ ಎಷ್ಟು ದೂರವೆಂದರೆ ಹೋಗಿಬರುವಷ್ಟು ಇಂಧನವೇ ಕಷ್ಟ. ದಾರಿಯಲ್ಲಿ ಕಾದಾಡಿದರೆ ಮರಳುವ ಮಾತಿಲ್ಲ. ದೇವಯ್ಯನವರಿಗೆ ಎದುರಾದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ. ಅದರ ಏಟು ತಿಂದ ಮೇಲೂ ಅವರು ತಿರುಗಿಬಿದ್ದು ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಹಾರಿ ಬದುಕಿದರು. ದೇವಯ್ಯ ಬದುಕಲಿಲ್ಲ.

ನಮ್ಮ ಕಡೆಯಲ್ಲಿ ಇದನ್ನು ಕಂಡವರಿಲ್ಲ. ಮರಳಿ ಬಂದ ಪೈಲಟ್‌ಗಳಿಗೆ ಗೊತ್ತಿದ್ದದ್ದು ಒಂದು ವಿಮಾನ ಬರಲಿಲ್ಲ ಎಂಬುದಷ್ಟೇ. ಕಡತದಲ್ಲಿ ದೇವಯ್ಯ ‘ಕಾಣೆಯಾದವರು’. ಶೌರ್ಯ ಪದಕದ ಶಿಫಾರಸು ಶುರುವಾಗುವುದು ಮೇಲಧಿಕಾರಿ ಬರೆಯುವ ವರದಿಯಿಂದ. ಕಾಣದ್ದನ್ನು ಅವರಾದರೂ ಏನೆಂದು ಬರೆಯಬೇಕು? ಇಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಆದರೆ ದುರುದ್ದೇಶವಿಲ್ಲದೆಯೇ ಒಬ್ಬನ ಕಥೆ ಕಾಲು ಶತಮಾನ ಮಣ್ಣಾಗಿ ಹೋಗಬಹುದು ಎಂಬುದು ನನಗೆ ಹೆಚ್ಚು ಕಳವಳದ ವಿಷಯ.

ಸಾಕ್ಷಿ ಬಂದದ್ದು ಆಚೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ನೆರವು ಪಡೆದು 1965ರ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಹೊರಬಂತು. ಪಾಕಿಸ್ತಾನದ ಪರವಾದ ದನಿಯ ಪುಸ್ತಕ ಅದು. ಅದರಲ್ಲೇ, ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಭಾರತದ ಮಿಸ್ಟಿಯರ್ ಉರುಳಿಸಿದ ಸಂಗತಿ ಇತ್ತು. ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರಿಗೆ ಆ ಮಿಸ್ಟಿಯರ್‌ನ ಪೈಲಟ್ ದೇವಯ್ಯನವರೇ ಎಂಬುದು ಖಚಿತವಾಯಿತು. ಅವರು ಪಟ್ಟುಬಿಡದೆ ಕೇಳಿದ್ದರ ಫಲವಾಗಿ 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ, ಮರಣೋತ್ತರ ಮಹಾವೀರ ಚಕ್ರ ಬಂತು. ಪದಕ ಸ್ವೀಕರಿಸಿದವರು ದೇವಯ್ಯನವರ ಪತ್ನಿ. ಮಡಿಕೇರಿಯ ಒಂದು ವೃತ್ತಕ್ಕೆ ದೇವಯ್ಯನವರ ಹೆಸರಿದೆ. 2025ರಲ್ಲಿ ಈ ಘಟನೆಯಿಂದ ಪ್ರೇರಿತವಾದ ಹಿಂದಿ ಸಿನಿಮಾವೂ ಬಂತು. ಸಿನಿಮಾದ ಮಾತು ಬೇಡ, ಅಲ್ಲಿ ನಾಯಕನ ಹೆಸರೇ ಬೇರೆ.

ಫ್ರಿಕರ್ ಆ ಪುಟಗಳನ್ನು ಬರೆಯದಿದ್ದರೆ? ತನೇಜಾ ಆ ಹೊತ್ತಿಗೆ ಬದುಕಿರದಿದ್ದರೆ? ಒಬ್ಬ ಕಮಿಷನ್ಡ್ ಅಧಿಕಾರಿಯ ಕಥೆಯೇ ಇಷ್ಟು ಆಕಸ್ಮಿಕಗಳ ಮೇಲೆ ನಿಂತಿರುವಾಗ, ಹೆಸರು ಹೇಳುವವರಿಲ್ಲದ ಜವಾನರ ಗತಿ ಏನು? ಈ ಸಂಕಿರಣ ಚರ್ಚಿಸಬೇಕಾದದ್ದು ಅದನ್ನು.

ಇನ್ನೊಂದು ಎಚ್ಚರಿಕೆ. ಪದಕದ ಪ್ರಶಸ್ತಿಪತ್ರವೂ ಒಂದು ದಾಖಲೆಯೇ, ಅದನ್ನೂ ಅನುಮಾನದಿಂದಲೇ ಓದಬೇಕು. ದೇವಯ್ಯನವರ ಪ್ರಕರಣ ನನಗೆ ಗಟ್ಟಿಯೆನಿಸುವುದು ಸರ್ಕಾರ ಒಪ್ಪಿತೆಂದಲ್ಲ, ಒಪ್ಪಿಕೊಳ್ಳುವುದರಿಂದ ಏನೂ ಲಾಭವಿಲ್ಲದ ಕಡೆಯಿಂದ ಸಾಕ್ಷಿ ಬಂತೆಂದು. ಅಭಿಮಾನಿಗಳು ಬರೆದ ಇತಿಹಾಸಕ್ಕೆ ಈ ಬಲ ಇರುವುದಿಲ್ಲ.

ಅನುಮಾನದಿಂದ ಓದಲಿಕ್ಕೂ ದಾಖಲೆ ಮೊದಲು ಸಿಗಬೇಕು. ರಕ್ಷಣಾ ಸಚಿವಾಲಯ 2021ರಲ್ಲಿ ಯುದ್ಧದಾಖಲೆಗಳ ನೀತಿಯೊಂದನ್ನು ಪ್ರಕಟಿಸಿತು. ಸಾಮಾನ್ಯವಾಗಿ 25 ವರ್ಷಗಳಲ್ಲಿ ಅವನ್ನು ಸಾರ್ವಜನಿಕಗೊಳಿಸಬೇಕೆಂಬುದು ಅದರ ಸಾರ. ಆ ಲೆಕ್ಕದಲ್ಲಿ 1965ರ ಕಾಗದಗಳು ಎಂದೋ ನಮ್ಮ ಕೈಗೆ ಬರಬೇಕಿತ್ತು. ಅವನ್ನು ಕೇಳಿ ಅರ್ಜಿ ಹಾಕುವ ಕೆಲಸ ನಡೆಯಲಿ. ಕಡತಕ್ಕೆ ಕಾಯದ ಕೆಲಸವೂ ಒಂದಿದೆ. ನಿವೃತ್ತ ಸೈನಿಕರಿರುವ ಊರುಗಳಿಗೆ ಹೋಗಿ, ಅವರು ಕಂಡದ್ದನ್ನು ಅವರ ಬಾಯಿಂದಲೇ ಧ್ವನಿಮುದ್ರಿಸಿ, ದಿನಾಂಕ ಮತ್ತು ತುಕಡಿಯ ಹೆಸರಿನ ಸಮೇತ ಇಡುವುದು. ವಿದ್ಯಾರ್ಥಿಗಳು ಇದನ್ನು ಈ ರಜೆಯಲ್ಲೇ ಶುರುಮಾಡಬೇಕು. 1965ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತೈದರ ಆಸುಪಾಸು.